ನಂಬರ್ ಕೂಗುವ ಚಿಕ್ಕಮ್ಮ

ನಮ್ಮ ಕಡೆ ಬಿಂಗೊ ಎಂದರೆ ಶಾಲೆಯ ಕೊನೆಯ ಬೆಂಚು. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ 5 ಸಾಲು, 5 ಕಂಬದ ಚೌಕ ಎಳೆದು, 1ರಿಂದ 25ರವರೆಗಿನ ಸಂಖ್ಯೆಗಳನ್ನು ತೋಚಿದ ಹಾಗೆ ತುಂಬಿ, ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಪಿಸುದನಿಯಲ್ಲಿ ಒಂದೊಂದೇ ಸಂಖ್ಯೆ ಹೇಳಿ ಹೊಡೆದುಹಾಕುವ ಆಟ. ಐದು ಗೆರೆ ಮೊದಲು ಮುಗಿಸಿದವರು ಬಿಂಗೊ ಎನ್ನಬೇಕು. ಜೋರಾಗಿ ಅಂದರೆ ಕ್ಲಾಸಿನಿಂದ ಆಚೆಗೆ. ನೀವೂ ಆಡಿರುತ್ತೀರಿ. ಬೇರೆ ದೇಶಗಳಲ್ಲಿ ಬಿಂಗೊ ಎಂದು ಕರೆಯುವ, ದೊಡ್ಡವರು ಆಡುವ ಆಟಕ್ಕೆ ನಮ್ಮಲ್ಲಿ ಹೌಸಿ ಎಂದೋ ತಂಬೋಲ ಎಂದೋ ಹೆಸರು. ಕ್ಲಬ್ಬುಗಳಲ್ಲಿ, ಅಪಾರ್ಟ್‌ಮೆಂಟಿನ ಹೊಸ ವರ್ಷದ ಪಾರ್ಟಿಯಲ್ಲಿ, ಮದುವೆಯ ಹಿಂದಿನ ದಿನ ಛತ್ರದಲ್ಲಿ, ಮಹಿಳಾ ಸಮಾಜದ ಹಾಲಿನಲ್ಲಿ ಆಡುವುದು ಅದನ್ನೇ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಹೌಸಿಯ ಟಿಕೆಟ್ಟಿನಲ್ಲಿ 3 ಸಾಲು, 9 ಕಂಬ, ಒಟ್ಟು 27 ಮನೆ. ಸಾಲಿಗೆ 5ರಂತೆ 15 ಮನೆಗಳಲ್ಲಿ ಮಾತ್ರ ಸಂಖ್ಯೆ ಇರುತ್ತದೆ, ಉಳಿದವು ಖಾಲಿ. 1ರಿಂದ 90ರವರೆಗಿನ ಬಿಲ್ಲೆಗಳನ್ನು ಚೀಲಕ್ಕೆ ಹಾಕಿ ಅಲ್ಲಾಡಿಸಿ ಒಬ್ಬರು ಒಂದೊಂದಾಗಿ ತೆಗೆದು ಕೂಗುತ್ತಾರೆ. ನಿಮ್ಮ ಟಿಕೆಟ್ಟಿನಲ್ಲಿ ಆ ಸಂಖ್ಯೆ ಇದ್ದರೆ ಹೊಡೆದುಹಾಕಿ. ಮೊದಲ ಐದಕ್ಕೊಂದು, ಮೂರು ಸಾಲಿಗೆ ಮೂರು, ನಾಲ್ಕು ಮೂಲೆಗೊಂದು ಬಹುಮಾನ. ಎಲ್ಲ 15 ಮುಗಿದರೆ ಫುಲ್ ಹೌಸ್. ಒಂದೇ ಕಟ್ಟುನಿಟ್ಟಿನ ನಿಯಮವೆಂದರೆ, ಮುಂದಿನ ನಂಬರ್ ಕೂಗುವ ಮೊದಲು ನಿಮ್ಮ ಗೆಲುವನ್ನು ನೀವೇ ಬಾಯಿಬಿಟ್ಟು ಹೇಳಬೇಕು. ತಡವಾದರೆ ಹೋಯಿತು. ತಪ್ಪಾಗಿ ಹೇಳಿದರೆ ಬೋಗಿ, ಟಿಕೆಟ್ಟು ರದ್ದು.

ಚದುರಂಗದಲ್ಲಿ ಯೋಚಿಸಬೇಕು. ಚೌಕಾಬಾರದಲ್ಲಿ ಕವಡೆ ನಮ್ಮ ಕೈಲಿಲ್ಲದಿದ್ದರೂ ಯಾವ ಕಾಯಿ ನಡೆಸಬೇಕೆಂಬುದು ನಮ್ಮದು. ಹೌಸಿಯಲ್ಲಿ ಆಟಗಾರನಿಗೆ ಅಷ್ಟೂ ಕೆಲಸವಿಲ್ಲ. ಬುದ್ಧಿವಂತರು, ದಡ್ಡರು ಎಲ್ಲ ಒಂದೇ. ಮಾಡಬೇಕಾದದ್ದು ಒಂದೇ, ಕಿವಿಗೊಟ್ಟು ಕೇಳುವುದು. ಈ ಆಟಕ್ಕೆ ತಂತ್ರಜ್ಞಾನ ಬಂದಾಗ ಮುಟ್ಟಿದ್ದೂ ಅದನ್ನೇ. ಅದನ್ನು ನಾನು ನೋಡಿದ್ದು ಮೈಸೂರಿನ ನನ್ನ ಚಿಕ್ಕಮ್ಮನ ಮೂಲಕ.

ಚಿಕ್ಕಮ್ಮ ಹೈಸ್ಕೂಲ್ ಟೀಚರಾಗಿದ್ದವರು. ತೊಂಬತ್ತರ ದಶಕದಿಂದ ಅವರ ಬಡಾವಣೆಯ ಮಹಿಳಾ ಸಮಾಜದಲ್ಲಿ ಪ್ರತಿ ತಿಂಗಳ ಎರಡನೇ ಶನಿವಾರ ನಂಬರ್ ಕೂಗುವ ಕೆಲಸ ಅವರದೇ. ಬೇಸಿಗೆ ರಜೆಯಲ್ಲಿ ಅವರ ಮನೆಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಹಳೇ ರವಿಕೆ ಬಟ್ಟೆಯಲ್ಲಿ ಹೊಲಿದ ಚೀಲ, ಒಳಗೆ ಮರದ ಬಿಲ್ಲೆಗಳು. ಮೂವತ್ನಾಲ್ಕನೇ ಬಿಲ್ಲೆ ಕಳೆದುಹೋಗಿ ಅದರ ಜಾಗಕ್ಕೆ ಕೋಟಿನ ಗುಂಡಿಯೊಂದರ ಮೇಲೆ ಪ್ಲಾಸ್ಟರ್ ಅಂಟಿಸಿ 34 ಎಂದು ಬರೆದಿದ್ದರು. ಚೀಲದೊಳಗೆ ಗುಂಡಿ ಕೈಗೆ ಬೇರೆಯಾಗಿ ಸಿಗುತ್ತದೆ, ಚಿಕ್ಕಮ್ಮ ಬೇಕೆಂದೇ ಅದನ್ನು ತಡಮಾಡಿ ತೆಗೆಯುತ್ತಾರೆ ಎಂದು ಆಗಾಗ ಗುಸುಗುಸು ಏಳುತ್ತಿತ್ತು. ಟಿಕೆಟ್ಟುಗಳನ್ನು ಮುಂದಿನ ತಿಂಗಳಿಗೂ ಬಳಸಬೇಕಾದ್ದರಿಂದ ಪೆನ್ನು ತಾಗಿಸುವಂತಿರಲಿಲ್ಲ. ಕೂಗಿದ ಸಂಖ್ಯೆಯ ಮೇಲೆ ಹುಣಸೆ ಬೀಜ ಇಡಬೇಕು. ಫ್ಯಾನಿನ ಗಾಳಿಗೆ ಟಿಕೆಟ್ಟು ಹಾರಿ ಬೀಜವೆಲ್ಲ ಚೆಲ್ಲಿ ಜಗಳವಾದದ್ದೂ ಉಂಟು. ಬಹುಮಾನಕ್ಕೆ ದುಡ್ಡಿಲ್ಲ. ಸ್ಟೀಲ್ ಲೋಟ, ಚಟ್ನಿಪುಡಿ ಡಬ್ಬಿ, ಫುಲ್ ಹೌಸಿಗೆ ಒಂದು ರವಿಕೆ ಕಣ.

ಚಿಕ್ಕಮ್ಮ ಬರೀ ನಂಬರ್ ಹೇಳುತ್ತಿರಲಿಲ್ಲ, ಕೂಗುತ್ತಿದ್ದರು. ಐದು ಬಂದರೆ ಪಾಂಡವರು. ಒಂಬತ್ತಕ್ಕೆ ನವಗ್ರಹ. ಇಪ್ಪತ್ತೇಳಕ್ಕೆ ನಕ್ಷತ್ರ. ಮೂವತ್ತೈದಕ್ಕೆ ‘ಅಂತೂ ಪಾಸು’. ಐವತ್ತಾರಕ್ಕೆ ಏಕೀಕರಣ, ಎಪ್ಪತ್ಮೂರಕ್ಕೆ ‘ಮೈಸೂರು ಹೋಯ್ತು, ಕರ್ನಾಟಕ ಬಂತು’. ಎಂಬತ್ಮೂರಕ್ಕೆ ಕಪಿಲ್ ದೇವ್. ಐವತ್ತೆಂಟಕ್ಕೆ ‘ಹಾರ ತುರಾಯಿ, ರಿಟೈರಾಯ್ತು’ ಎನ್ನುತ್ತಿದ್ದರು. 2008ರಲ್ಲಿ ರಾಜ್ಯ ಸರ್ಕಾರ ನೌಕರರ ನಿವೃತ್ತಿ ವಯಸ್ಸನ್ನು 60ಕ್ಕೆ ಏರಿಸಿದ ಮೇಲೆ ಆ ಕೂಗನ್ನು ಅರವತ್ತಕ್ಕೆ ವರ್ಗಾಯಿಸಿದರು.

ಐವತ್ತೇಳರದು ಮಾತ್ರ ಬೇರೆ ಕಥೆ. ಸಮಾಜದಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದವರೊಬ್ಬರಿದ್ದರು. ಎಲ್ಲರಿಗೂ ಅವರು ಪೋಸ್ಟಾಫೀಸಿನ ಆಂಟಿ. ಮೈಸೂರಿನ ಪಿನ್ ಕೋಡ್ ಶುರುವಾಗುವುದು 57ರಿಂದ ತಾನೆ? ಆ ಬಿಲ್ಲೆ ಕೈಗೆ ಬಂದರೆ ಚಿಕ್ಕಮ್ಮ ‘ಮೈಸೂರಿನ ಪಿನ್ ಕೋಡು...’ ಎಂದು ನಿಲ್ಲಿಸಿ ಅವರ ಕಡೆ ನೋಡುತ್ತಿದ್ದರು. ಪೋಸ್ಟಾಫೀಸಿನ ಆಂಟಿ ಬಾಯಲ್ಲಿದ್ದ ಅಡಿಕೆ ಪಕ್ಕಕ್ಕೆ ಸರಿಸಿ, ಕೌಂಟರಿನ ಹಿಂದೆ ಕೂತವರ ಗತ್ತಿನಲ್ಲಿ ‘ಐವತ್ತೇಳು!’ ಎಂದು ಸಾರುತ್ತಿದ್ದರು. ಆ ಒಂದು ನಂಬರ್ ಚಿಕ್ಕಮ್ಮ ಯಾವತ್ತೂ ತಾವಾಗಿ ಹೇಳಿದ್ದಿಲ್ಲ.

ಇದು ಚಿಕ್ಕಮ್ಮನ ಸ್ವಂತ ಆವಿಷ್ಕಾರ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ಓದುತ್ತ ಹೋದಾಗ ಈ ಆಟವಿರುವ ಕಡೆಯೆಲ್ಲ ಕೂಗೂ ಇದೆ ಎಂದು ತಿಳಿಯಿತು. ಇಟಲಿಯ ನೇಪಲ್ಸ್‌ನಲ್ಲಿ ಕ್ರಿಸ್‌ಮಸ್ ದಿನಗಳಲ್ಲಿ ಮನೆಮಂದಿಯೆಲ್ಲ ಕೂತು ತೊಂಬೋಲ ಆಡುತ್ತಾರೆ. ಅಲ್ಲಿ 90 ಸಂಖ್ಯೆಗಳಿಗೂ ಒಂದೊಂದು ಅರ್ಥವಿದೆ. ಆ ಪಟ್ಟಿಗೆ ಸ್ಮೊರ್ಫಿಯ ಎಂದು ಹೆಸರು. ಕನಸಿನಲ್ಲಿ ಕಂಡದ್ದನ್ನು ಸಂಖ್ಯೆಗೆ ಇಳಿಸಿ ಲಾಟರಿ ಆಡಲೂ ಅದೇ ಪಟ್ಟಿ. 22 ಎಂದರೆ ಹುಚ್ಚ, 47 ಎಂದರೆ ಸತ್ತವನು, 48 ಎಂದರೆ ಮಾತಾಡುವ ಸತ್ತವನು, 90 ಎಂದರೆ ಭಯ. ಬ್ರಿಟನ್ನಿನಲ್ಲಿ 88 ಇಬ್ಬರು ದಪ್ಪ ಹೆಂಗಸರು, 11 ಎರಡು ಕಾಲು. 9ಕ್ಕೆ ‘ಡಾಕ್ಟರ ಆಜ್ಞೆ’ ಎನ್ನುವುದು ಸೈನ್ಯದ ಡಾಕ್ಟರುಗಳು ಕೊಡುತ್ತಿದ್ದ 9ನೇ ನಂಬರಿನ ಮಾತ್ರೆಯ ನೆನಪು. 10 ಬಂದರೆ ಆಗಿನ ಪ್ರಧಾನಿಯ ಹೆಸರು ಹಿಡಿದು ‘ಇಂಥವರ ಗುಹೆ’ ಎನ್ನುತ್ತಾರೆ, ಪ್ರಧಾನಿಯ ಮನೆ 10ನೇ ನಂಬರಿನದಲ್ಲವೆ. ಪ್ರಧಾನಿ ಬದಲಾದರೆ ಕೂಗೂ ಬದಲಾಗುತ್ತದೆ, ಚಿಕ್ಕಮ್ಮ ನಿವೃತ್ತಿಯನ್ನು ಅರವತ್ತಕ್ಕೆ ಸಾಗಿಸಿದಂತೆ. ಬ್ರಿಟಿಷ್ ಸೇನೆಯಲ್ಲಿ ಸಿಪಾಯಿಗಳಿಗೆ ಅನುಮತಿಯಿದ್ದ ಜೂಜು ಇದು. ನಮ್ಮಲ್ಲಿಗೆ ಬಂದದ್ದೂ ಅವರ ದಂಡು ಪ್ರದೇಶಗಳ ಮೆಸ್ಸು, ಕ್ಲಬ್ಬುಗಳ ದಾರಿಯಲ್ಲೇ. ಅಲ್ಲಿಂದ ರವಿಕೆ ಬಟ್ಟೆಯ ಚೀಲದವರೆಗೆ ಅದು ಹೇಗೆ ನಡೆದು ಬಂತೋ, ದಾರಿಯುದ್ದಕ್ಕೂ ಜನ ಅದಕ್ಕೆ ತಮ್ಮ ತಮ್ಮ ಊರಿನ ಮಾತು ತೊಡಿಸಿದ್ದಾರೆ.

ಏಕೆ ಹೀಗೆ? ಸ್ವಲ್ಪ ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಒಂದೇ ಟಿಕೆಟ್ಟು ಹಿಡಿದು ಕೂತರೆ ಅದರ 15 ಸಂಖ್ಯೆಗಳೂ ಬಂದು ಮುಗಿಯಲು ಸರಾಸರಿ 85 ನಂಬರ್ ಕೂಗಬೇಕು. 90ರಲ್ಲಿ 85! ಇಪ್ಪತ್ತು ಜನ ಆಡುತ್ತಿದ್ದರೂ ಯಾರಾದರೊಬ್ಬರಿಗೆ ಫುಲ್ ಹೌಸ್ ಆಗುವುದು ಎಪ್ಪತ್ತರ ಆಸುಪಾಸಿಗೇ. ಕೂಗು ಬರೀ ಸಂಖ್ಯೆಗಳಾಗಿದ್ದರೆ ಎಪ್ಪತ್ತು ಸಲ ಕೇಳಿಸಿಕೊಳ್ಳುವುದು ಶಿಕ್ಷೆ. ಇನ್ನೂ ಒಂದು ಮಾತಿದೆ. ಕಂಪ್ಯೂಟರಿಗೆ ಈ ಕೆಲಸ ಒಪ್ಪಿಸಿದರೆ ಅದು ಸಾಮಾನ್ಯವಾಗಿ 90 ಸಂಖ್ಯೆಗಳನ್ನೂ ಇಸ್ಪೀಟಿನ ಎಲೆ ಕಲೆಸಿದಂತೆ ಒಮ್ಮೆಗೇ ಕಲೆಸಿ ಸಾಲು ಮಾಡಿಬಿಡಬಲ್ಲದು. ಟಿಕೆಟ್ಟು ಹಂಚಿಯಾಗಿದೆ, ಸಾಲೂ ಸಿದ್ಧವಾಗಿದೆ ಎಂದರೆ ಯಾರು ಗೆಲ್ಲುತ್ತಾರೆ ಎಂಬುದು ಮೊದಲ ನಂಬರ್ ಕೂಗುವ ಮೊದಲೇ ನಿಶ್ಚಯವಾಗಿರುತ್ತದೆ. ಯಂತ್ರಕ್ಕೆ ಅದನ್ನು ಹೇಳಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಉಳಿದ ಮುಕ್ಕಾಲು ಗಂಟೆ ಇರುವುದು ಫಲಿತಾಂಶಕ್ಕಲ್ಲ, ಒಟ್ಟಿಗೆ ಕೂತು ಅದನ್ನು ತಿಳಿದುಕೊಳ್ಳುವುದಕ್ಕೆ. ಹೌಸಿ ಎಂದರೆ ಆ ಮುಕ್ಕಾಲು ಗಂಟೆಯೇ.

2020ರ ಲಾಕ್‌ಡೌನಿನಲ್ಲಿ ಸಮಾಜದ ಹಾಲಿಗೆ ಬೀಗ ಬಿತ್ತು. ಆಗ ಹೌಸಿ ಫೋನಿಗೆ ಬಂತು. ಒಂದೇ ಸಲಕ್ಕಲ್ಲ, ಮೂರು ಮೆಟ್ಟಿಲಲ್ಲಿ.

ಮೊದಲ ಮೆಟ್ಟಿಲು ಟಿಕೆಟ್ಟು. ಸಮಾಜದ ಖಜಾಂಚಿ, ಅವರಲ್ಲೆಲ್ಲ ಚಿಕ್ಕ ವಯಸ್ಸಿನಾಕೆ, ಟಿಕೆಟ್ಟುಗಳ ಚಿತ್ರ ಮಾಡಿ ವಾಟ್ಸಾಪಿನಲ್ಲಿ ಒಬ್ಬೊಬ್ಬರಿಗೆ ಕಳಿಸಿದಳು. ಎಲ್ಲರೂ ಅದನ್ನು ನೋಡಿ ಕಾಗದದ ಮೇಲೆ ಬರೆದುಕೊಂಡರು. ಚಿಕ್ಕಮ್ಮ ಊಟದ ಮೇಜಿಗೆ ಫೋನ್ ಒರಗಿಸಿ, ವಿಡಿಯೋ ಕಾಲಿನಲ್ಲಿ ಚೀಲ ಅಲ್ಲಾಡಿಸಿ ತೋರಿಸಿ, ಬಿಲ್ಲೆಯನ್ನು ಕ್ಯಾಮೆರಾದ ಮುಂದೆ ಹಿಡಿದು ಕೂಗಿದರು. ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ ನಡೆದಿದೆ, ನಿಮ್ಮ ಮನೆಯಲ್ಲೂ ಇರಬಹುದು. ಸಿಯಾಟಲ್‌ನಲ್ಲಿರುವ ಅವರ ಮಗಳು ಅಲ್ಲಿನ ಬೆಳಗ್ಗೆ ಕಾಫಿ ಹಿಡಿದು ಕೂತು ಸೇರಿಕೊಂಡಳು. ಮಂಡಿ ನೋವಿನಿಂದ ಸಮಾಜದ ಮೆಟ್ಟಿಲು ಹತ್ತಲಾಗದೆ ಎರಡು ವರ್ಷದಿಂದ ಬರುವುದನ್ನೇ ಬಿಟ್ಟಿದ್ದ ಪೋಸ್ಟಾಫೀಸಿನ ಆಂಟಿಯೂ ಪರದೆಯ ಮೂಲೆಯ ಚೌಕದಲ್ಲಿ ಹಣೆ ಮಾತ್ರ ಕಾಣುವಂತೆ ಪ್ರತ್ಯಕ್ಷರಾದರು. ‘ಮೈಸೂರಿನ ಪಿನ್ ಕೋಡು’ ಎಂದಾಗ ಆ ಹಣೆಯ ಕೆಳಗಿನಿಂದ ‘ಐವತ್ತೇಳು!’ ಬಂತು. ಅವತ್ತು ಚಿಕ್ಕಮ್ಮ ಫೋನು ಮಾಡಿ ನನಗೆ ಇದನ್ನೇ ಮೂರು ಸಲ ಹೇಳಿದರು.

ಎರಡನೇ ಮೆಟ್ಟಿಲಿಗೆ ಕಾರಣ ಜಗಳ. ವಿಡಿಯೋ ಕಾಲಿನಲ್ಲಿ ಮಾತು ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ತಲುಪುತ್ತದೆ. ನೆಟ್‌ವರ್ಕ್ ನಿಧಾನವಿದ್ದವರು ‘ಟಾಪ್ ಲೈನ್’ ಎನ್ನುವಷ್ಟರಲ್ಲಿ ಇನ್ನೊಬ್ಬರು ಅಂದಾಗಿರುತ್ತದೆ. ಯಾರು ಮೊದಲು? ಚಟ್ನಿಪುಡಿ ಡಬ್ಬಿಗಾಗಿ ಎರಡು ಮನೆಯ ಮಧ್ಯೆ ಒಂದು ತಿಂಗಳು ಮಾತಿರಲಿಲ್ಲ. ಆಗ ಖಜಾಂಚಿ ಒಂದು ಆ್ಯಪ್ ತಂದಳು. ನಂಬರ್ ಆರಿಸುವುದೂ ಅದೇ, ಕೂಗುವುದೂ ಅದೇ, ಯಾರು ಮೊದಲು ಒತ್ತಿದರು ಎಂದು ಸೆಕೆಂಡಿನ ಲೆಕ್ಕದಲ್ಲಿ ತೀರ್ಮಾನಿಸುವುದೂ ಅದೇ. ಬೋಗಿಯ ಮಾತೇ ಇಲ್ಲ, ತಪ್ಪಾಗಿ ಒತ್ತಿದರೆ ಅದು ಒಪ್ಪುವುದೇ ಇಲ್ಲ. ಗುಂಡಿಯ ಗುಸುಗುಸುವೂ ನಿಂತಿತು. (ಆ್ಯಪ್ ಬೆಂಗಳೂರಿನವರಿಗೇ ಹೆಚ್ಚು ಕೊಡುತ್ತದೆ ಎಂಬ ಹೊಸ ಗುಸುಗುಸು ಶುರುವಾಯಿತು, ಅದು ಬೇರೆ.) ಇಂಗ್ಲಿಷಿನ ಹೆಣ್ಣುದನಿಯೊಂದು ‘ಫೈವ್ ಸೆವೆನ್, ಫಿಫ್ಟಿ ಸೆವೆನ್’ ಎಂದು ಹೇಳಿ ಮುಂದಕ್ಕೆ ಹೋಗುತ್ತಿತ್ತು. ಆ್ಯಪಿನಲ್ಲೇ ದನಿ ಇದ್ದ ಮೇಲೆ ವಿಡಿಯೋ ಕಾಲ್ ಯಾಕೆ ಎಂದು ಅದನ್ನೂ ಬಿಟ್ಟರು. ಮಾತೆಲ್ಲ ವಾಟ್ಸಾಪ್ ಗುಂಪಿನಲ್ಲಿ ಬೆರಳಲ್ಲೇ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕೂಗಿದ್ದ ಚಿಕ್ಕಮ್ಮ ಮೊದಲ ಸಲ ಟಿಕೆಟ್ಟು ಹಿಡಿದರು. ಬೇಜಾರಾಯಿತೇ ಎಂದು ಕೇಳಿದೆ. ‘ಬೇಜಾರೇನು, ಗಂಟಲಿಗೆ ರಿಟೈರ್‌ಮೆಂಟು’ ಎಂದರು.

ಮೂರನೇ ಮೆಟ್ಟಿಲು ಯಾರ ಗಮನಕ್ಕೂ ಬರಲಿಲ್ಲ. ಆ್ಯಪಿನ ಹೊಸ ರೂಪದಲ್ಲಿ ಸಂಖ್ಯೆಗಳು ತಾವಾಗಿ ಹೊಡೆದುಕೊಳ್ಳತೊಡಗಿದವು. ಗೆದ್ದರೆ ಅದೇ ಸಾರುತ್ತದೆ. ಕಣ್ಣಿನ ತೊಂದರೆಯಿದ್ದ ಒಬ್ಬರಿಗೆ ಇದು ವರವೇ ಆಯಿತು. ಸಣ್ಣ ಅಂಕಿ ಕಾಣದೆ ಆಟ ಬಿಟ್ಟವರು ಮತ್ತೆ ಬಂದರು. ಉಳಿದವರಿಗೆ ಚಪಾತಿ ಲಟ್ಟಿಸುತ್ತಲೇ ಹೌಸಿ ಆಡುವ ಅನುಕೂಲವಾಯಿತು.

ಬ್ರಿಟನ್ನಿನಲ್ಲೂ ಇದೇ ದಾರಿ, ದೊಡ್ಡ ಪ್ರಮಾಣದಲ್ಲಿ. ಅಲ್ಲಿ 1960ರ ಕಾಯ್ದೆಯೊಂದು ಹಣದ ಬಿಂಗೊಗೆ ದಾರಿ ಮಾಡಿಕೊಟ್ಟಿತು. ಅದೇ ಕಾಲಕ್ಕೆ ಮನೆಮನೆಗೆ ಟಿವಿ ಬಂದು ಚಿತ್ರಮಂದಿರಗಳು ಖಾಲಿಯಾಗುತ್ತಿದ್ದವು. ಆ ಖಾಲಿ ಕುರ್ಚಿಗಳಿಗೆ ಬಿಂಗೊ ಬಂತು. ಲಂಡನ್ನಿನ ಟೂಟಿಂಗ್‌ನಲ್ಲಿ ಗ್ರಾನಡಾ ಎಂಬ ಚಿತ್ರಮಂದಿರವಿದೆ, 1931ರದು, ಒಳಗೆ ಚರ್ಚಿನ ಹಾಗೆ ಕಮಾನುಗಳು. 1973ರಲ್ಲಿ ಸಿನಿಮಾ ನಿಂತು, 1976ರಲ್ಲಿ ಅಲ್ಲಿ ಬಿಂಗೊ ಶುರುವಾಯಿತು. ಅಂದರೆ ಬಿಂಗೊ ಹಾಲುಗಳನ್ನು ತುಂಬಿಸಿದ್ದೂ ಒಂದು ತಂತ್ರಜ್ಞಾನವೇ. ಆಮೇಲೆ ಹಾಲಿನಲ್ಲಿ ಕೈಯಲ್ಲಿ ಹಿಡಿಯುವ ಯಂತ್ರಗಳು ಬಂದವು. ಮನುಷ್ಯನ ಕಣ್ಣಿಗೆ ನಿಭಾಯಿಸಲಾಗದಷ್ಟು ಟಿಕೆಟ್ಟುಗಳನ್ನು ಅವು ಒಟ್ಟಿಗೆ ಆಡುತ್ತವೆ, ತಾವೇ ಗುರುತು ಹಾಕುತ್ತವೆ. ಆಮೇಲೆ ಆಟ ಫೋನಿಗೆ ಹೋಯಿತು, ಹಾಲುಗಳು ಒಂದೊಂದಾಗಿ ಮುಚ್ಚತೊಡಗಿದವು. 2007ರಲ್ಲಿ ಇಂಗ್ಲೆಂಡಿನಲ್ಲಿ ಒಳಾಂಗಣದ ಧೂಮಪಾನ ನಿಷೇಧವಾದದ್ದೂ ಅದಕ್ಕೊಂದು ಕಾರಣ. ಆದರೆ ನನಗೆ ಕುತೂಹಲವೆನಿಸಿದ್ದು ಇನ್ನೊಂದು ಸಂಗತಿ. ಅಲ್ಲಿನ ಆನ್‌ಲೈನ್ ಬಿಂಗೊ ಕಂಪನಿಗಳು ಆಟ ನಡೆಯುವಾಗ ಆಟಗಾರರ ಜೊತೆ ಹರಟೆ ಹೊಡೆಯಲು ಸಂಬಳ ಕೊಟ್ಟು ಜನರನ್ನು ಇಟ್ಟುಕೊಳ್ಳುತ್ತವೆ. ಹುಟ್ಟುಹಬ್ಬಕ್ಕೆ ಶುಭಾಶಯ ಹೇಳುವುದು, ನೆಗಡಿ ಹೇಗಿದೆ ಎಂದು ಕೇಳುವುದು ಅವರ ಕೆಲಸ. ಕೂಗುವವರನ್ನು ತೆಗೆದ ಮೇಲೆ ಏನನ್ನು ತೆಗೆದೆವು ಎಂದು ವ್ಯಾಪಾರಿಗಳಿಗೂ ಗೊತ್ತಾಗಿರಬೇಕು.

ದುಡ್ಡಿನ ಆಟಗಳ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದದ್ದು ಬೇರೆ ದಿಕ್ಕಿನಲ್ಲಿ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಆನ್‌ಲೈನ್ ಹಣದ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ತಂದಿತು. ಜನರ ಉಳಿತಾಯ ಕಳೆದುಹೋಗುವುದನ್ನು ಕಾನೂನು ತಡೆಯಬಹುದು. ಚಿಕ್ಕಮ್ಮನ ಗುಂಪಿನಲ್ಲಿ ಕಳೆದುಹೋಗುವಂಥ ಹಣವೇ ಇರಲಿಲ್ಲ. ಅಲ್ಲಿ ಪಣಕ್ಕಿದ್ದದ್ದು ಏನೆಂದು ತಿಳಿದದ್ದು ಮಳೆಗಾಲದ ಒಂದು ಶನಿವಾರ ರಾತ್ರಿ.

ಆ ಹೊತ್ತಿಗೆ ಲಾಕ್‌ಡೌನ್ ಮುಗಿದು ಎರಡನೇ ಶನಿವಾರದ ಹೌಸಿ ಮತ್ತೆ ಹಾಲಿಗೆ ಮರಳಿತ್ತು. ಬರಲಾಗದವರಿಗಾಗಿ ನಾಲ್ಕನೇ ಶನಿವಾರ ಫೋನಿನ ಆಟವನ್ನೂ ಉಳಿಸಿಕೊಂಡಿದ್ದರು. ನಾನು ಅವತ್ತು ಮೈಸೂರಿನಲ್ಲಿದ್ದೆ. ಚಿಕ್ಕಮ್ಮ ಸೋಫಾದ ಮೇಲೆ ಫೋನ್ ಇಟ್ಟುಕೊಂಡು ಅವರೆಕಾಳು ಬಿಡಿಸುತ್ತಿದ್ದರು. ಅವರ ಟಿಕೆಟ್ಟು ತಾನೇ ಆಡಿಕೊಳ್ಳುತ್ತಿತ್ತು. 74ನೇ ನಂಬರಿಗೋ ಏನೋ ಪರದೆಯ ಮೇಲೆ ಬಣ್ಣದ ಚೂರುಗಳು ಉದುರಿ, ಚಪ್ಪಾಳೆಯ ಸದ್ದಾಯಿತು. ಫುಲ್ ಹೌಸ್, ಪೋಸ್ಟಾಫೀಸಿನ ಆಂಟಿಗೆ. ಗುಂಪಿನಲ್ಲಿ ಅಭಿನಂದನೆಗಳು ಒಂದರ ಹಿಂದೆ ಒಂದು ಬಂದವು, ಹೂಗುಚ್ಛ, ಕೇಕು, ಕೈಮುಗಿದ ಚಿತ್ರಗಳು. ‘ರವಿಕೆ ಕಣ ಯಾವ ಬಣ್ಣದ್ದು ಬೇಕು?’ ಎಂದು ಯಾರೋ ಕೇಳಿದರು. ಎರಡನೇ ಆಟ ಶುರುವಾಗಿ ಆ ಇಂಗ್ಲಿಷ್ ದನಿ ಮತ್ತೆ ನಂಬರ್ ಹೇಳತೊಡಗಿತು.

ಚಿಕ್ಕಮ್ಮ ಅವರೆಕಾಳಿನ ತಟ್ಟೆ ಕೆಳಗಿಟ್ಟರು.

‘ಗೆದ್ದು ಸುಮ್ನಿರೋ ಪೈಕಿ ಅಲ್ಲ ಕಣೇ ಅವ್ರು’ ಎಂದರು.

‘ಅಡುಗೆ ಮನೇಲಿರ್ಬಹುದು ಚಿಕ್ಕಮ್ಮ.’

‘ಎಂಟೂವರೆಗೆ ಅವ್ರ ಊಟ ಮುಗಿದಿರತ್ತೆ.’

ಮೂರು ಸಲ ಫೋನ್ ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಅವರ ಎದುರುಮನೆಯವರ ಹತ್ತಿರ ಒಂದು ಬೀಗದ ಕೈ ಇರುವುದು ಚಿಕ್ಕಮ್ಮನಿಗೆ ಗೊತ್ತಿತ್ತು. ಅವರಿಗೆ ಫೋನ್ ಮಾಡಿದರು. ಹತ್ತು ನಿಮಿಷದಲ್ಲಿ ಸುದ್ದಿ ಬಂತು. ಪೋಸ್ಟಾಫೀಸಿನ ಆಂಟಿ ಬಚ್ಚಲಮನೆಯಲ್ಲಿ ಜಾರಿ ಬಿದ್ದಿದ್ದರು. ತೊಡೆಯ ಮೂಳೆ ಮುರಿದಿತ್ತು. ಪ್ರಜ್ಞೆ ಇತ್ತು, ಏಳಲು ಆಗುತ್ತಿರಲಿಲ್ಲ. ಬಿದ್ದು ಮುಕ್ಕಾಲು ಗಂಟೆಯ ಮೇಲಾಗಿತ್ತು.

ಆಪರೇಷನ್ ಆದ ಮೂರನೇ ದಿನ ಆಸ್ಪತ್ರೆಗೆ ಹೋಗಿ ನೋಡಿದೆವು. ನಗುತ್ತಲೇ ಮಾತಾಡಿದರು. ‘ಬಚ್ಚಲಲ್ಲಿ ಬಿದ್ಕೊಂಡು ಕೇಳ್ತಾನೇ ಇದ್ದೆ ಕಣ್ರೀ. ಹಾಲಲ್ಲಿ ಫೋನು ನಂಬರ್ ಹೇಳ್ತಾನೇ ಇತ್ತು. ನಾನು ಕೂಗಿದ್ದು ಅದಕ್ಕೆ ಕೇಳಿಸ್ಲಿಲ್ಲ. ಆಮೇಲೆ ಚಪ್ಪಾಳೆ ಬಂತು. ಯಾರೋ ಗೆದ್ರು ಅಂದ್ಕೊಂಡೆ. ನಾನೇ ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದ್ಮೇಲೆ.’

ಬೆಂಗಳೂರಿಗೆ ವಾಪಸಾಗುವ ಬಸ್ಸಿನಲ್ಲಿ ನನಗೆ ಇದೇ ಯೋಚನೆ. ಹಳೆಯ ಆಟದಲ್ಲಿ ಅವರ ಹದಿನೈದನೇ ಸಂಖ್ಯೆ ಬಂದಾಗ ಹೌಸ್ ಎಂಬ ದನಿ ಬರದಿದ್ದರೆ ಅವರು ಸೋಲುತ್ತಿದ್ದರು. ಅನ್ಯಾಯವೇ ಸರಿ. ಆದರೆ ಆ ಅನ್ಯಾಯದ ನಿಯಮದಲ್ಲಿ ಒಂದು ಹಾಜರಿ ಪುಸ್ತಕವೂ ಅಡಗಿತ್ತು. ಬೀಜ ಇಡದವರು ಯಾರು, ನಗದವರು ಯಾರು ಎಂದು ಎಪ್ಪತ್ತು ಸಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ನೋಡುತ್ತಿದ್ದೇವೆ ಎಂದು ಗೊತ್ತಿಲ್ಲದೆಯೇ. ಯಂತ್ರ ಅವರ ಪರವಾಗಿ ಗುರುತು ಹಾಕಿತು, ಅವರ ಪರವಾಗಿ ಗೆದ್ದಿತು, ಅವರು ಇಲ್ಲದಿರುವುದನ್ನು ಅಚ್ಚುಕಟ್ಟಾಗಿ ಮುಚ್ಚಿಯೂ ಬಿಟ್ಟಿತು.

ಇಷ್ಟಕ್ಕೇ ನಿಲ್ಲಿಸಿದರೆ ಆ್ಯಪಿಗೆ ಶಾಪ ಹಾಕಿ ಮುಗಿಸಬಹುದು. ಸಮಾಜದ ಮುಂದಿನ ಸಭೆಯಲ್ಲಿ ಕೆಲವರು ಹಾಗೇ ಮಾಡಿದರಂತೆ, ಫೋನಿನ ಹೌಸಿಯೇ ಬೇಡ ಎಂದರಂತೆ. ಆಗ ಖಜಾಂಚಿ ಎದ್ದು ನಿಂತು ಕೇಳಿದಳಂತೆ: ‘ಆ್ಯಪ್ ಇಲ್ದೆ ಇದ್ದಿದ್ರೆ ಅವತ್ತು ಆಂಟಿ ಆಟದಲ್ಲೇ ಇರ್ತಿರ್ಲಿಲ್ಲ ಅಲ್ವಾ? ಮೆಟ್ಟಿಲು ಹತ್ತಕ್ಕಾಗದೆ ಮನೇಲೇ ಇರ್ತಿದ್ರು. ಅವ್ರು ಸುಮ್ನಿದಾರೆ ಅಂತ ಯಾರಿಗೆ ಗೊತ್ತಾಗ್ತಿತ್ತು?’ ಚಿಕ್ಕಮ್ಮನಿಗೆ ಇದಕ್ಕೆ ಉತ್ತರ ಸಿಗಲಿಲ್ಲ. ನನಗೂ ಸಿಕ್ಕಿಲ್ಲ. ಎರಡು ವರ್ಷ ಸಮಾಜದ ಹಾಲಿನಲ್ಲಿ ಅವರ ಕುರ್ಚಿ ಖಾಲಿ ಇದ್ದಾಗ ಐವತ್ತೇಳನ್ನು ಯಾರೋ ಹೇಳುತ್ತಿದ್ದರು, ಆಟ ಸಾಗುತ್ತಿತ್ತು. ಅವರನ್ನು ಮತ್ತೆ ಗುಂಪಿಗೆ ತಂದದ್ದು ಫೋನು. ಗುಂಪಿನಲ್ಲಿದ್ದೂ ಅವರನ್ನು ಕಾಣದಂತೆ ಮಾಡಿದ್ದೂ ಫೋನು. ಅವರ ಮೌನವನ್ನು ಗುರುತಿಸಿದ್ದು, ಗೆದ್ದಾಗ ಅವರು ಹೇಗೆ ಕೂಗುತ್ತಾರೆ ಎಂದು ಬಲ್ಲ ಒಂದು ಜೊತೆ ಕಿವಿ. ಆ ಕಿವಿ ತಯಾರಾದದ್ದು ಹಾಲಿನಲ್ಲಿ, ಹುಣಸೆ ಬೀಜದ ಕಾಲದಲ್ಲಿ. ಬರೀ ಫೋನಿನಲ್ಲೇ ಪರಿಚಯವಾದವರಿಗೆ ಆ ಮೌನ ಕೇಳಿಸುತ್ತಿತ್ತೇ?

ಸಭೆಯಲ್ಲಿ ಕೊನೆಗೆ ಆದದ್ದು ರಾಜಿ. ನಂಬರ್ ಆರಿಸುವುದು ಆ್ಯಪ್, ಅದರಲ್ಲಿ ಜಗಳವಿಲ್ಲ. ಆದರೆ ಅದರ ಬಾಯಿ ಮುಚ್ಚಿಸಬೇಕು, ಪರದೆ ನೋಡಿ ಚಿಕ್ಕಮ್ಮ ಕೂಗಬೇಕು. ಪಕ್ಕದಲ್ಲಿ ಎಲ್ಲರದ್ದೂ ಕಾಲ್ ತೆರೆದಿರಬೇಕು. ತಾನಾಗಿ ಹೊಡೆದುಕೊಳ್ಳುವ ಸೌಲಭ್ಯ ಕಣ್ಣಿನ ತೊಂದರೆಯವರಿಗೆ ಮಾತ್ರ. ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸುವ ಗುಂಡಿ ಮೊದಲಿನಿಂದಲೂ ಇತ್ತು, ಯಾರೂ ಅಲ್ಲಿಯವರೆಗೆ ಹೋಗಿರಲಿಲ್ಲ ಅಷ್ಟೆ. ಕೊನೆಯದಾಗಿ, ಆ್ಯಪ್ ಯಾರನ್ನೇ ಗೆದ್ದವರೆಂದು ಸಾರಲಿ, 'ಹೌಸ್' ಎಂದು ಅವರ ಸ್ವಂತ ದನಿ ಕೇಳಿಸುವವರೆಗೆ ಆಟ ಮುಂದೆ ಹೋಗಕೂಡದು. ಹಳೇ ನಿಯಮಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಆಗ ದನಿ ಬರದಿದ್ದರೆ ಬಹುಮಾನ ಹೋಗುತ್ತಿತ್ತು. ಈಗ ದನಿ ಬರದಿದ್ದರೆ ಎಲ್ಲರೂ ಕಾಯುತ್ತಾರೆ, ಒಬ್ಬರು ಫೋನ್ ಮಾಡುತ್ತಾರೆ. ಈ ನಿಯಮ ಯಾವ ಕಂಪನಿಯೂ ಬರೆದದ್ದಲ್ಲ, ಅದನ್ನು ಬರೆದವರ ಸರಾಸರಿ ವಯಸ್ಸು ಎಪ್ಪತ್ತಕ್ಕೆ ಹತ್ತಿರ.

ಪೋಸ್ಟಾಫೀಸಿನ ಆಂಟಿ ಈಗ ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾರೆ. ವಾಕರ್ ಹಿಡಿದು ಓಡಾಡುತ್ತಾರೆ. ನಾಲ್ಕನೇ ಶನಿವಾರ ತಪ್ಪಿಸುವುದಿಲ್ಲ.

ಈ ಬೇಸಿಗೆಯಲ್ಲಿ ಸಿಯಾಟಲ್‌ನಿಂದ ಚಿಕ್ಕಮ್ಮನ ಮೊಮ್ಮಗ ಬಂದಿದ್ದ. ಹದಿನಾರು ವರ್ಷ, ಕೋಡಿಂಗ್ ಹುಚ್ಚು. ಅಜ್ಜಿಯ ಕೂಗುಗಳನ್ನೆಲ್ಲ ರೆಕಾರ್ಡ್ ಮಾಡಿ, ಅವರದೇ ದನಿಯಲ್ಲಿ ನಂಬರ್ ಕೂಗುವ ಹೌಸಿ ಮಾಡಿಕೊಡುತ್ತೇನೆ ಎಂದ. ಮುಂದೊಂದು ದಿನ ಅಜ್ಜಿಗೆ ಕೂಗಲಾಗದಿದ್ದರೂ ಕೂಗು ಉಳಿಯುತ್ತದಲ್ಲ ಎಂಬ ಆಸೆ ಅವನದು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ನಮಗೆಲ್ಲ ಅರ್ಥವಾಯಿತು. ಚಿಕ್ಕಮ್ಮ ಖುಷಿಯಿಂದ ಒಪ್ಪಿದರು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಒಂದರಿಂದ ಶುರುಮಾಡಿದರು. ಪಾಂಡವರು, ನವಗ್ರಹ, ನಕ್ಷತ್ರ, ಅಂತೂ ಪಾಸು. ಒಂದೊಂದಕ್ಕೂ ಒಂದೊಂದು ಫೈಲು. ಐವತ್ತಾರರ ಏಕೀಕರಣದವರೆಗೆ ತಡೆಯಿಲ್ಲದೆ ಬಂದರು.

‘ಮೈಸೂರಿನ ಪಿನ್ ಕೋಡು...’ ಎಂದು ನಿಲ್ಲಿಸಿದರು.

ಮೊಮ್ಮಗ ಕಾದ. ‘ನಂಬರ್ ಹೇಳಿ ಅಜ್ಜಿ.’

‘ನಾನು ಹೇಳೋದಲ್ವಲ್ಲೋ ಅದು, ಅವ್ರು ಹೇಳೋದು.’

‘ಸರಿ, ಅಲ್ಲಿ ಗ್ಯಾಪ್ ಬಿಡ್ತೀನಿ. ಎಷ್ಟು ಸೆಕೆಂಡು ಬೇಕು?’

ಚಿಕ್ಕಮ್ಮ ನಿಜಕ್ಕೂ ಲೆಕ್ಕ ಹಾಕಿದರು. ಅಡಿಕೆ ಬಾಯಲ್ಲಿದ್ದರೆ ಸ್ವಲ್ಪ ಹೊತ್ತು ಜಾಸ್ತಿ. ಹುಬ್ಬಳ್ಳಿಯಿಂದ ದನಿ ಬರಬೇಕು, ನೆಟ್‌ವರ್ಕು ಹೇಗಿರುತ್ತದೋ. ಅವತ್ತು ಮಂಡಿ ನೋವು ಹೇಗಿದೆಯೋ. ಬೆರಳು ಮಡಚಿ, ಬಿಚ್ಚಿ, ಕೊನೆಗೆ ‘ಅದನ್ನ ಈಗ್ಲೇ ಹೆಂಗೋ ಹೇಳೋದು, ಅವ್ರು ಹೇಳೋವರ್ಗೂ’ ಎಂದರು. ಹುಡುಗ ಏನೋ ಬರೆದುಕೊಂಡ. ಅವನ ಲ್ಯಾಪ್‌ಟಾಪಿನಲ್ಲಿ 57ರ ಫೈಲು ಇನ್ನೂ ಹಾಗೇ ಅರ್ಧಕ್ಕೆ ನಿಂತಿದೆ.